ಮಾಳಿಗೆಯ ಮಣ್ಣು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಬಾಕಿ. ಗಣಪತಿ ಕಳಿಸಿ ಬಂದ ಜನ ಗಾಢ ನಿದ್ದೆಯಲ್ಲಿದ್ದರು. ಕಂಪನದ ಪ್ರಮಾಣ ಸುಮಾರು 6.2. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿಗೆ ಅದು ಸೇರುವುದಿಲ್ಲ. ಆದರೂ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಎಂಟು ಸಾವಿರದಷ್ಟು, ಕೆಲವರ ಲೆಕ್ಕದಲ್ಲಿ ಅದಕ್ಕೂ ಹೆಚ್ಚು ಜನ ಸತ್ತರು.

ನಾನಾಗ ಬಸವಕಲ್ಯಾಣದಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದೆ. ಗೆಳೆಯರೊಂದಿಗೆ ರೊಟ್ಟಿ, ಕಂಬಳಿ ತುಂಬಿದ ಲಾರಿ ಹತ್ತಿ ಹೋದೆ. ಕಲ್ಲು ಸರಿಸುತ್ತ ಹೋದಂತೆ ಕೊಂದದ್ದು ಯಾವುದೆಂದು ಕಾಣತೊಡಗಿತು. ಎರಡೂವರೆ ಅಡಿ ದಪ್ಪದ ಗೋಡೆ ಹೊರಗಿನಿಂದ ಕೋಟೆಯಂತೆ ಕಂಡರೂ ಅದು ಒಂದು ಗೋಡೆಯಾಗಿರಲಿಲ್ಲ. ಈಚೆಗೊಂದು, ಆಚೆಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಕಲ್ಲು ಎಲ್ಲೂ ಇಲ್ಲ. ನೆಲ ಅಲುಗಿದಾಗ ಎರಡು ಸಾಲೂ ಬಿಟ್ಟುಕೊಂಡು ಬಿದ್ದಿದ್ದವು. ಕೆಲವು ಮನೆಗಳಲ್ಲಿ ಗೋಡೆ ಪೂರ್ತಿ ಹೋದರೂ ಮರದ ಕಂಬ, ತೊಲೆ ನಿಂತೇ ಇದ್ದವು. ಊರ ಹೊರಗಿನ ಹಗುರ ಗುಡಿಸಲುಗಳಲ್ಲಿ ಮಲಗಿದ್ದ ಬಡವರು ಹೆಚ್ಚಾಗಿ ಬದುಕಿದ್ದರು.

ಗೋಡೆಯ ಮೇಲೆ ಮಾಳಿಗೆ. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಏರಿಸುತ್ತ ಬಂದು ಅದು ಕೆಲವೆಡೆ ಎರಡಡಿ ದಪ್ಪವಾಗಿತ್ತು. ಉಮರ್ಗಾ ಕಡೆಯ ಕನ್ನಡ ಮಾತಿನ ಹಿರಿಯರೊಬ್ಬರು ಹೇಳಿದ್ದು: “ಈ ಮಣ್ಣು ನಮ್ಮಪ್ಪ ಹಾಕ್ಯಾನ, ಅವರಪ್ಪ ಹಾಕ್ಯಾನ್ರಿ. ತಗದಾಂವ ಒಬ್ಬನೂ ಇಲ್ಲ.”

ಆಮೇಲೆ ಜನ ಕಲ್ಲಿಗೇ ಹೆದರಿದರು. ಹೊಸ ಜಾಗದಲ್ಲಿ ಎದ್ದ ಊರುಗಳು ನಗರದ ಬಡಾವಣೆಗಳಂತೆ ನೇರ ಬೀದಿಗಳಲ್ಲಿ ಹರಡಿಕೊಂಡವು. ದನ ಕಟ್ಟಲು, ಕಾಳು ಇಡಲು ಎಲ್ಲಿ ಎಂದು ಕೇಳಿದರೆ ನಕಾಶೆ ಬರೆದವರಲ್ಲಿ ಉತ್ತರವಿರಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಅಷ್ಟು ಸುದ್ದಿಯಾಗದ ಇನ್ನೊಂದು ಕೆಲಸ: ನಿಂತ ಮನೆಗಳನ್ನೇ ಗಟ್ಟಿ ಮಾಡುವುದು. ಗೋಡೆಗೆ ಆರಪಾರ ತೂತು ಹೊಡೆದು, ಸಳಿ ಇಟ್ಟು, ಕಾಂಕ್ರೀಟ್ ತುಂಬಿ ಎರಡೂ ಸಾಲನ್ನು ಹೊಲಿದಂತೆ ಸೇರಿಸುತ್ತಿದ್ದರು. ಮಾಳಿಗೆಯ ಮಣ್ಣನ್ನೂ ಇಳಿಸುತ್ತಿದ್ದರು.

ನಮ್ಮೂರ ಮನೆಯ ಮಾಳಿಗೆಯನ್ನು ನಾನೂ ಹಗುರ ಮಾಡಿಸಿದೆ. ಸೋರುತ್ತದೆಂದು ಅವ್ವ ಬೈದಳು, ಆ ವರ್ಷ ಸೋರಿತು ಕೂಡ. ಹಿತ್ತಲ ಗೋಡೆ ಕಟ್ಟುವಾಗ ಮೇಸ್ತ್ರಿ ಉದ್ದಕಲ್ಲು ಹಾಕಲು ಒಪ್ಪಲಿಲ್ಲ. ಅಂಥ ಕಲ್ಲು ಆರಿಸಬೇಕು, ಕೆತ್ತಬೇಕು, ಒಳಗೆ ಸೇರಿದ ಮೇಲೆ ಯಾರಿಗೂ ಕಾಣದು. ಕೂಲಿ ಮಾತ್ರ ಗೋಡೆಯ ಅಳತೆಗೆ. ಪ್ರತಿ ಉದ್ದಕಲ್ಲಿಗೂ ಬೇರೆ ದುಡ್ಡು ಅಂದೆ. ಮರುದಿನದಿಂದ ಅವನೇ ಸುಣ್ಣದಲ್ಲಿ ಗುರುತು ಮಾಡಿ ಎಣಿಸಿ ತೋರಿಸತೊಡಗಿದ.