ಚಾರ್ಜು ಎಂಬ ಮಾತಿನ ಹೊರೆ

ಇಂಗ್ಲಿಷಿನ ಗಂಧವೇ ಇಲ್ಲದವರು ಕೂಡ ನಿರಾಯಾಸವಾಗಿ ಬಳಸುವ ಇಂಗ್ಲಿಷ್ ಪದಗಳಲ್ಲಿ ‘ಚಾರ್ಜು’ ಎಂಬುದೂ ಒಂದು. ಬಸ್ಸಿನ ಚಾರ್ಜು ಏರಿತೆಂದು ಗೊಣಗುವವರೂ, ಹೊಸ ತಹಸೀಲ್ದಾರರು ಚಾರ್ಜು ತೆಗೆದುಕೊಂಡರೆಂದು ವಾರ್ತೆ ತರುವವರೂ, ಪೋಲೀಸರ ಲಾಠಿ ಚಾರ್ಜನ್ನೂ ನ್ಯಾಯಾಲಯಕ್ಕೆ ಸಲ್ಲಿಸಿದ ಚಾರ್ಜ್ ಷೀಟನ್ನೂ ಪತ್ರಿಕೆಯಲ್ಲಿ ಓದುವವರೂ, ಮೊಬೈಲಿನ ಚಾರ್ಜು ಮುಗಿಯಿತೆಂದು ಗೋಡೆಯಲ್ಲಿ ಪ್ಲಗ್ಗನ್ನು ಅರಸುವವರೂ ಒಂದೇ ಪದವನ್ನು ನುಡಿಯುತ್ತಿರುತ್ತಾರೆ. ಅರ್ಥಗಳಾದರೋ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುತ್ತವೆ. ಹಣ, ಅಧಿಕಾರ, ಹೊಡೆತ, ಆಪಾದನೆ, ವಿದ್ಯುತ್ತು - ಇವೆಲ್ಲ ಒಂದೇ ಮಾತಿನೊಳಕ್ಕೆ ಹೇಗೆ ಬಂದು ಸೇರಿದವು?

ಪದಗಳ ಕುಲಗೋತ್ರವನ್ನು ವಿಚಾರಿಸುವುದು ಭಾಷಾಶಾಸ್ತ್ರಜ್ಞರ ಕೆಲಸ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅದರ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು. ಪ್ರತಿ ವರ್ಷವೂ ನಾವು ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಕೇಳುತ್ತೇವೆ: “ಪೂರ್ತಿಯಾಗಿ ಚಾರ್ಜು ಮಾಡಿದ ಬ್ಯಾಟರಿಯಲ್ಲಿ ಒಟ್ಟು ಎಷ್ಟು ವಿದ್ಯುದಾವೇಶವಿರುತ್ತದೆ?” ಬಹುಮಂದಿ ವಿದ್ಯಾರ್ಥಿಗಳು ‘ಬಹಳ’ ಎನ್ನುತ್ತಾರೆ, ಚುರುಕಾದ ಒಬ್ಬಿಬ್ಬರು ಬ್ಯಾಟರಿಯ ಮೇಲೆ ಅಚ್ಚಾದ ಅಂಕಿಯನ್ನು ಓದಿ ಲೆಕ್ಕವನ್ನೇ ಮಾಡಿಬಿಡುತ್ತಾರೆ. ಸರಿಯಾದ ಉತ್ತರ ಸೊನ್ನೆ. ವಿದ್ಯಾರ್ಥಿದೆಸೆಯಲ್ಲಿ ನಾವೂ ‘ಬಹಳ’ ಎಂದವರೇ ಆದುದರಿಂದ ಈ ತಪ್ಪಿಗಾಗಿ ಯಾರನ್ನೂ ಗದರಿಸಲು ನಮಗೆ ಮನಸ್ಸು ಬಾರದು. ತಪ್ಪು ಹುಡುಗರ ಬುದ್ಧಿಯದಲ್ಲ, ಬಹುಪಾಲು ಆ ಪದದ್ದು. ಅದು ತನ್ನ ಹುಟ್ಟಿನ ಕಥೆಯನ್ನು ಬೆನ್ನಮೇಲೆ ಹೊತ್ತುಕೊಂಡೇ ಬಂದಿದೆ.

ಕಥೆ ಮೊದಲಾಗುವುದು ಒಂದು ಬಂಡಿಯಿಂದ. ಇಂದಿನ ಫ್ರಾನ್ಸ್ ದೇಶದ ಪ್ರಾಚೀನ ನಿವಾಸಿಗಳಾದ ಗಾಲರ ಭಾಷೆಯಲ್ಲಿ ಸಾಮಾನು ಸಾಗಿಸುವ ಬಂಡಿಗಿದ್ದ ಹೆಸರನ್ನು ರೋಮನರು ಎರವಲು ಪಡೆದು ‘ಕಾರ್ರುಸ್’ ಎಂದು ಕರೆದರು. ಮುಂದೆ ಲ್ಯಾಟಿನ್ನಿನಲ್ಲಿ ಇದರಿಂದ ‘ಕಾರ್ರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಅದರ ಅರ್ಥ ಬಂಡಿಗೆ ಹೇರು ಹೇರುವುದು. ಫ್ರೆಂಚರ ನಾಲಗೆಯಲ್ಲಿ ಆದಿಯ ಕಕಾರ ಮೆದುವಾಯಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಅಲ್ಲಿಗೆ ನುಗ್ಗಿದ ಫ್ರೆಂಚ್ ಪದಗಳ ಪ್ರವಾಹದಲ್ಲಿ ಇದೂ ತೇಲಿಬಂದು 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಸಿತು. ಅಂದರೆ ಚಾರ್ಜು ಎಂದರೆ ಮೂಲತಃ ಹೇರು, ಹೊರೆ, ಭಾರ. ನಾವು ಓಡಿಸುವ ಕಾರು, ಹಡಗಿಗೆ ತುಂಬುವ ಕಾರ್ಗೊ, ಹೊತ್ತೊಯ್ಯುವುದೆಂಬರ್ಥದ ಕ್ಯಾರಿ - ಇವೆಲ್ಲ ಇದರ ದಾಯಾದಿಗಳು. ವ್ಯಂಗ್ಯಚಿತ್ರವನ್ನು ಕ್ಯಾರಿಕೇಚರ್ ಎನ್ನುವುದು ಕೂಡ ಇಟಾಲಿಯನ್ನರ ‘ಹೇರು’ವಿಕೆಯಿಂದಲೇ. ಮೂಗಿನ ಮೇಲೆ ಚಿತ್ರಕಾರನು ಹೆಚ್ಚಿನ ಹೊರೆಯನ್ನು ಹೇರುತ್ತಾನಷ್ಟೆ!

ಹೊರೆ ಎಂಬ ಮೂಲಾರ್ಥವನ್ನು ಕೈಯಲ್ಲಿ ಹಿಡಿದರೆ ಉಳಿದ ಅರ್ಥಗಳ ಕಗ್ಗಂಟು ತಾನಾಗಿಯೇ ಸಡಿಲುತ್ತದೆ. ಖರ್ಚಿನ ಹೊರೆ ದರವಾಯಿತು. ಕರ್ತವ್ಯದ ಹೊರೆ ಅಧಿಕಾರವಾಯಿತು. ತಪ್ಪಿನ ಹೊರೆ ಆಪಾದನೆಯಾಯಿತು. ವಿಸ್ಮಯವೆಂದರೆ, ಈ ವಿಸ್ತಾರವೆಲ್ಲ ಇಂಗ್ಲಿಷಿನ ಸೊತ್ತೇ ಅಲ್ಲ. ನಾವು ಕನ್ನಡದಲ್ಲಿಯೂ ತೆರಿಗೆಯ ಭಾರ ಎನ್ನುತ್ತೇವೆ, ಹೊಣೆ ಹೊರುತ್ತೇವೆ, ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸುತ್ತೇವೆ. ‘ಆರೋಪ’ ಎಂಬ ಸಂಸ್ಕೃತ ಶಬ್ದಕ್ಕೂ ಮೇಲಕ್ಕೆ ಏರಿಸುವುದು ಎಂದೇ ಮೂಲಾರ್ಥ. ತಾತ್ಕಾಲಿಕವಾಗಿ ಕಾಲೇಜನ್ನು ನೋಡಿಕೊಳ್ಳುವವರನ್ನು ಸರ್ಕಾರಿ ಕನ್ನಡವು ‘ಪ್ರಭಾರ’ ಪ್ರಾಂಶುಪಾಲರೆಂದು ಕರೆಯುತ್ತದೆ; ಅಲ್ಲಿಯೂ ಭಾರವೇ. (ಆ ಸ್ಥಾನದಲ್ಲಿ ಒಂದು ತಿಂಗಳು ಕುಳಿತವರಿಗೆ ಈ ವ್ಯುತ್ಪತ್ತಿಯನ್ನು ವಿವರಿಸಬೇಕಾಗಿಲ್ಲ.)

ಲಾಠಿ ಚಾರ್ಜಿನದು ತುಸು ಬೇರೆ ದಾರಿ. ಬಂಡಿಯ ಹೇರನ್ನು ಕುರಿತ ಮಾತು ತೋಪು ಬಂದೂಕುಗಳು ಬಂದ ಮೇಲೆ ಅವುಗಳೊಳಕ್ಕೆ ತುಂಬುವ ಮದ್ದುಗುಂಡಿಗೂ ಸಂದಿತು. ಆಯುಧವನ್ನು ಸಜ್ಜುಗೊಳಿಸಿ ಶತ್ರುವಿನ ಮೇಲೆ ಏರಿಹೋಗುವುದೂ ಕಾಲಾನಂತರದಲ್ಲಿ ಅದೇ ಹೆಸರನ್ನು ಪಡೆಯಿತು. ವಿದ್ಯುತ್ತಿನ ಕಥೆಗೆ ನಮಗೆ ಬೇಕಾದುದು ಮದ್ದು ತುಂಬಿದ ಈ ತೋಪೇ.

1745-46ರಲ್ಲಿ ಯೂರೋಪಿನಲ್ಲಿ ಒಂದು ಅದ್ಭುತ ಪಾತ್ರೆ ತಯಾರಾಯಿತು. ಪೊಮೆರೇನಿಯದ ಕ್ಲೈಸ್ಟ್ ಮತ್ತು ಹಾಲೆಂಡಿನ ಲೇಡನ್ ನಗರದ ಮುಶೆನ್‌ಬ್ರೂಕ್ ಎಂಬಿಬ್ಬರು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಹೆಸರು ಮಾತ್ರ ಲೇಡನ್ನಿಗೆ ದಕ್ಕಿತು. ಒಂದು ಗಾಜಿನ ಜಾಡಿ, ಒಳಗೆ ನೀರು, ನೀರಿಗಿಳಿದ ಒಂದು ಲೋಹದ ತಂತಿ, ಹೊರಗೆ ಜಾಡಿಯನ್ನು ಹಿಡಿದ ಕೈ - ಇಷ್ಟೇ ಉಪಕರಣ. ನೀರು ಮತ್ತು ಕೈಗಳಿಗೆ ಬದಲಾಗಿ ಗಾಜಿನ ಎರಡು ಮೈಗಳಿಗೂ ಲೋಹದ ತಗಡನ್ನು ಅಂಟಿಸುವುದು ಅನಂತರದ ಸುಧಾರಣೆ. ಘರ್ಷಣಯಂತ್ರದಿಂದ ತಂತಿಗೆ ವಿದ್ಯುತ್ತನ್ನು ಕೊಟ್ಟು, ಆಮೇಲೆ ಇನ್ನೊಂದು ಕೈಯಿಂದ ತಂತಿಯನ್ನು ಮುಟ್ಟಿದರೆ ಮೈಯೆಲ್ಲ ಝಾಡಿಸುವಂಥ ಆಘಾತ. ಗುಂಡು ತುಂಬಿದ ಬಂದೂಕು ಸಿಡಿದಂತೆಯೇ ಇದೂ ಸಿಡಿಯುತ್ತಿದ್ದುದರಿಂದ ಜಾಡಿಯನ್ನು ‘ಚಾರ್ಜು’ ಮಾಡುವುದು, ‘ಡಿಸ್ಚಾರ್ಜು’ ಮಾಡುವುದು ಎಂಬ ಮಾತುಗಳು ರೂಢಿಗೆ ಬಂದವು. ಆ ದಶಕದ ಕೊನೆಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೀಸದ ತಗಡು ಹೊದಿಸಿದ ಹನ್ನೊಂದು ಗಾಜಿನ ಹಲಗೆಗಳನ್ನು ಒಟ್ಟಿಗೆ ಜೋಡಿಸಿ ಅದಕ್ಕೆ ‘ಬ್ಯಾಟರಿ’ ಎಂದು ಹೆಸರಿಟ್ಟನು. ಬ್ಯಾಟರಿ ಎಂದರೆ ಅಲ್ಲಿಯವರೆಗೆ ಸೈನ್ಯದಲ್ಲಿ ಸಾಲಾಗಿ ನಿಲ್ಲಿಸಿದ ತೋಪುಗಳು. ಇಂದು ನಾವು ಬ್ಯಾಟರಿಯನ್ನು ಚಾರ್ಜು ಮಾಡುತ್ತೇವೆಂದಾಗ ಎರಡು ಪದಗಳೂ ರಣರಂಗದಿಂದಲೇ ಬಂದವು.

ಆದರೆ ಇದೇ ಫ್ರಾಂಕ್ಲಿನ್ನನು ಜಾಡಿಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಪದಕ್ಕೂ ಪದಾರ್ಥಕ್ಕೂ ತಾಳೆಯಾಗದ ಒಂದು ಸಂಗತಿ ಗೋಚರಿಸಿತು. ಜಾಡಿಯ ಒಳಮೈಗೆ ಎಷ್ಟು ವಿದ್ಯುತ್ತು ಸೇರುತ್ತದೆಯೋ ಅಷ್ಟೇ ಹೊರಮೈಯಿಂದ ಹೊರಟುಹೋಗುತ್ತದೆ. ಹೊರಮೈಗೆ ನೆಲದ ಸಂಪರ್ಕವಿಲ್ಲದಂತೆ ಜಾಡಿಯನ್ನು ಅವಾಹಕದ ಮೇಲಿಟ್ಟರೆ ಒಳಗೂ ಏನನ್ನೂ ತುಂಬಲಾಗದು. ಒಳಮೈ ಮತ್ತು ಹೊರಮೈಗಳಿಂದ ಬಂದ ಎರಡು ತಂತಿಗಳ ನಡುವೆ ರೇಷ್ಮೆಯ ಎಳೆಯಲ್ಲಿ ಒಂದು ಬೆಂಡಿನ ಚೂರನ್ನು ತೂಗಬಿಟ್ಟರೆ, ಅದು ಅತ್ತಿಂದಿತ್ತ ಓಲಾಡುತ್ತ ಒಂದೆಡೆಯ ಹೆಚ್ಚಿಗೆಯನ್ನು ಇನ್ನೊಂದೆಡೆಯ ಕೊರತೆಗೆ ಸ್ವಲ್ಪ ಸ್ವಲ್ಪವಾಗಿ ಸಾಗಿಸಿ ಕೊನೆಗೆ ನಿಶ್ಚಲವಾಗುತ್ತದೆ. ಆದಕಾರಣ ‘ಚಾರ್ಜು ಮಾಡಿದ್ದು’ ಎನಿಸಿಕೊಂಡ ಜಾಡಿಯಲ್ಲಿ ಮೊದಲಿಗಿಂತ ಹೆಚ್ಚು ವಿದ್ಯುತ್ತೇನೂ ಇರುವುದಿಲ್ಲ, ಡಿಸ್ಚಾರ್ಜು ಮಾಡಿದಾಗ ಕಡಮೆಯಾಗುವುದೂ ಇಲ್ಲವೆಂದು ಫ್ರಾಂಕ್ಲಿನ್ ಲಂಡನ್ನಿನ ಮಿತ್ರ ಕಾಲಿನ್ಸನ್ನನಿಗೆ ಬರೆದ ಪತ್ರವೊಂದರಲ್ಲಿ ಸ್ಪಷ್ಟಪಡಿಸಿದ್ದಾನೆ. ಪದವು ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದರ ದೋಷ ಹೊರಬಿದ್ದಿತ್ತು. ಆದರೆ ಅಷ್ಟರೊಳಗೆ ಪದ ಎಲ್ಲರ ಬಾಯಲ್ಲೂ ಇದ್ದಿತು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮರಳಿ ಮರಳಿ ಬಳಸಬಹುದಾದ ಸೀಸದ ಕೋಶವನ್ನು ರಚಿಸಿದ ಮೇಲೆ ಜಾಡಿಯ ಮಾತು ಅಂತಹ ಕೋಶಗಳಿಗೂ ಅಂಟಿಕೊಂಡಿತು.

ಈಗ ನಮ್ಮ ಜೇಬಿನ ಮೊಬೈಲಿಗೆ ಬರೋಣ. ಅದರ ಬ್ಯಾಟರಿಯ ಮೇಲೆ 4000 ಮಿಲಿಆಂಪಿಯರ್-ಗಂಟೆ ಎಂದು ಅಚ್ಚಾಗಿದೆಯೆನ್ನೋಣ. ಇದು 14,400 ಕೂಲಂಬ್‌ಗಳಿಗೆ ಸಮ. ಹೊರೆಯ ಉಪಮೆ ನಿಜವಾಗಿದ್ದು, ಇಷ್ಟು ಆವೇಶವು ಹೊರಗಿನಿಂದ ಬಂದು ಬ್ಯಾಟರಿಯಲ್ಲಿ ಹೆಚ್ಚುವರಿಯಾಗಿ ಕುಳಿತಿದ್ದರೆ ಏನಾಗುತ್ತಿತ್ತು? ಅಂತಹ ಎರಡು ಮೊಬೈಲುಗಳನ್ನು ಒಂದು ಕಿಲೋಮೀಟರು ದೂರದಲ್ಲಿ ಇಟ್ಟರೂ, ಕೂಲಂಬನ ನಿಯಮದಂತೆ, ಅವು ಒಂದನ್ನೊಂದು ಸುಮಾರು 19 ಕೋಟಿ ಟನ್ನುಗಳ ತೂಕಕ್ಕೆ ಸಮನಾದ ಬಲದಿಂದ ದೂಡುತ್ತಿದ್ದವು! ನಾವಾದರೋ ಎರಡು ಮೊಬೈಲುಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ನೆಮ್ಮದಿಯಾಗಿ ತಿರುಗುತ್ತೇವೆ.

ವಾಸ್ತವವಾಗಿ ಬ್ಯಾಟರಿಯಲ್ಲಿ ನಡೆಯುವುದು ಸ್ಥಳಾಂತರ. ಚಾರ್ಜು ಮಾಡುವಾಗ ಒಂದು ಬದಿಯ ಲೋಹದ ಆಕ್ಸೈಡಿನಲ್ಲಿದ್ದ ಲಿಥಿಯಂ ಅಯಾನುಗಳು ದ್ರಾವಣದ ಮೂಲಕ ಹಾಯ್ದು ಇನ್ನೊಂದು ಬದಿಯ ಗ್ರಾಫೈಟಿನ ಪದರಗಳಲ್ಲಿ ಸೇರಿಕೊಳ್ಳುತ್ತವೆ. ಅಷ್ಟೇ ಸಂಖ್ಯೆಯ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮಾರ್ಗವಾಗಿ ಅಲ್ಲಿಗೇ ಹೋಗುತ್ತವೆ. ಒಂದು ತುದಿಯಿಂದ ಬ್ಯಾಟರಿಯನ್ನು ಹೊಕ್ಕ ಪ್ರತಿಯೊಂದು ಎಲೆಕ್ಟ್ರಾನಿಗೂ ಇನ್ನೊಂದು ತುದಿಯಿಂದ ಒಂದು ಎಲೆಕ್ಟ್ರಾನು ಹೊರಬಿದ್ದಿರುತ್ತದೆ. ಕೂಡಿಟ್ಟುದು ಆವೇಶವಲ್ಲ, ಶಕ್ತಿ. ಇಳಿಜಾರಿನ ಕೆಳಗಿದ್ದ ಕಲ್ಲನ್ನು ಮೇಲಕ್ಕೆ ಸಾಗಿಸಿದಂತೆ. ಕಲ್ಲು ಹೆಚ್ಚಲಿಲ್ಲ, ಅದರ ಎಡೆ ಬದಲಾಯಿತು.

ಹಿಂದೊಮ್ಮೆ ವಿದ್ಯಾರ್ಥಿನಿಯೊಬ್ಬಳು, ಚಾರ್ಜು ಮಾಡಿದ ಬ್ಯಾಟರಿ ಹೆಚ್ಚು ತೂಗುವುದೇ ಎಂದು ಕೇಳಿದಳು. ಪ್ರಶ್ನೆ ನೇರವಾಗಿ ಬಂಡಿಯಿಂದಲೇ ಬಂದದ್ದು. ಹೇರಿದ ಬಂಡಿ ತೂಗಲೇಬೇಕಲ್ಲವೆ? ‘ಇಲ್ಲ’ ಎಂದು ನಾವು ಆತುರದಿಂದ ಹೇಳಿಬಿಟ್ಟೆವು. ಮನೆಗೆ ಬಂದು ಯೋಚಿಸಿದಾಗ ನಾಲಗೆ ಕಚ್ಚಿಕೊಳ್ಳಬೇಕಾಯಿತು. ಶಕ್ತಿಗೂ ದ್ರವ್ಯರಾಶಿಯುಂಟೆಂಬ ಐನ್‌ಸ್ಟೈನನ 1905ರ ಸಿದ್ಧಾಂತದ ಮೇರೆಗೆ, ಮೇಲೆ ಹೇಳಿದ ಬ್ಯಾಟರಿಯಲ್ಲಿ ಕೂಡಿಟ್ಟ ಸುಮಾರು 53,000 ಜೌಲ್ ಶಕ್ತಿಗೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲಿಗಿಂತಲೂ ಕಡಮೆಯಾದ ಒಂದಿಷ್ಟು ತೂಕವಿದೆ. ಮರುದಿನ ತರಗತಿಯಲ್ಲಿ ಉತ್ತರವನ್ನು ತಿದ್ದಿದೆವು.

ಇನ್ನು ನಮ್ಮ ‘ಆವೇಶ’ದ ವಿಚಾರ. ಹೊರೆಯ ಎಲ್ಲ ಅರ್ಥಗಳಿಗೂ ಕನ್ನಡದಲ್ಲಿ ಹೊರೆಯ ಮಾತೇ ಸಿಕ್ಕಿತೆಂದು ಹೇಳಿದೆವಷ್ಟೆ. ವಿದ್ಯುತ್ತಿಗೆ ಮಾತ್ರ ಪಾರಿಭಾಷಿಕ ಪದವನ್ನು ಕಟ್ಟಿದವರು ಬೇರೊಂದು ಚಿತ್ರವನ್ನು ಆರಿಸಿಕೊಂಡರು. ಆವೇಶವೆಂದರೆ ಒಳಹೊಗುವುದು. ಕರಾವಳಿಯ ಕೋಲದಲ್ಲಿ ದೈವವು ಪಾತ್ರಿಯ ಮೈಮೇಲೆ ಬರುವುದೂ ಆವೇಶವೇ, ಭಾಷಣಕಾರನ ಸಿಟ್ಟೂ ಆವೇಶವೇ. ಸವರಿದ ಗಾಜಿನ ಕಡ್ಡಿ ಕಾಗದದ ಚೂರುಗಳನ್ನು ಸೆಳೆಯುವುದನ್ನು ಕಂಡವನಿಗೆ ಅದರ ಮೈಮೇಲೆ ಏನೋ ಬಂದಿದೆಯೆಂದೇ ತೋರುತ್ತದೆ. ಈ ದೃಷ್ಟಿಯಿಂದ ಪದ ಸೊಗಸಾಗಿದೆ. ಆದರೆ ದೈವದಾವೇಶವನ್ನು ಅಳೆಯಲಾಗದು. ವಿದ್ಯುದಾವೇಶವನ್ನು ಅಳೆಯಬಹುದು, ಎಣಿಸಲೂಬಹುದು. ಒಂದು ಎಲೆಕ್ಟ್ರಾನಿನ ಆವೇಶದ ಪ್ರಮಾಣ 1.602176634 × 10⁻¹⁹ ಕೂಲಂಬ್ ಎಂದು 2019ರಿಂದ ನಿಷ್ಕೃಷ್ಟವಾಗಿ ನಿಗದಿಯಾಗಿದೆ. ಎಣಿಕೆಯ ವಿಷಯದಲ್ಲಿ ಬಂಡಿಯ ಹೇರೇ ಮೇಲು, ಮೂಟೆಗಳನ್ನು ಎಣಿಸಬಹುದಷ್ಟೆ. ನಮ್ಮ ಮಟ್ಟಿಗೆ ನಾವು ಪಾಠದಲ್ಲಿ ವಸ್ತುವಿನ ಗುಣಕ್ಕೆ ‘ಆವೇಶ’ವೆಂದೂ, ಬ್ಯಾಟರಿಗೆ ಮಾಡುವ ಕೆಲಸಕ್ಕೆ ‘ಶಕ್ತಿ ತುಂಬುವುದು’ ಎಂದೂ ಬೇರೆ ಬೇರೆಯಾಗಿ ಹೇಳುವ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ. ಇದರಿಂದ ‘ಬಹಳ’ ಎನ್ನುವವರು ಕಡಮೆಯಾಗಿದ್ದಾರೆ, ಇಲ್ಲವಾಗಿಲ್ಲ.

ಹಾಗಾದರೆ ಮೊಬೈಲಿನ ಮೂಲೆಯಲ್ಲಿ ಕಾಣುವ ಶೇಕಡಾ ಅಂಕಿ ಯಾವುದರ ಲೆಕ್ಕ? ಅನೇಕ ಮೊಬೈಲುಗಳಲ್ಲಿ ಬ್ಯಾಟರಿಯ ತಂತಿಯಲ್ಲಿ ಹಾಯುವ ವಿದ್ಯುತ್ಪ್ರವಾಹವನ್ನು ಎಡೆಬಿಡದೆ ಅಳೆಯುವ ಪುಟ್ಟ ಮಂಡಲವೊಂದಿರುತ್ತದೆ. ಎಷ್ಟು ಕೂಲಂಬ್ ಒಂದು ದಿಕ್ಕಿನಲ್ಲಿ ಹಾಯಿತು, ಎಷ್ಟು ಹಿಂದಿರುಗಿತು ಎಂದು ಅದು ಕೂಡಿ ಕಳೆಯುತ್ತದೆ. ಬ್ಯಾಟರಿಯ ವೋಲ್ಟೇಜನ್ನು ನೋಡಿ ಆಗಾಗ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ. ಸುಂಕದ ಕಟ್ಟೆಯವನು ಎಣಿಸುವುದು ಹಾದುಹೋದ ಬಂಡಿಗಳನ್ನು, ಊರಿನಲ್ಲಿರುವ ಬಂಡಿಗಳನ್ನಲ್ಲ.