ಮುಂದೇನು ಓದಿಸಲಿ? ಯಾರನ್ನು ಕೇಳಲಿ?

ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ಮುಂದೇನು? ಮನೆಯಲ್ಲಿ ಹೆಚ್ಚು ಓದಿದವರಿಲ್ಲದಿದ್ದರೆ ಈ ಪ್ರಶ್ನೆಯ ಭಾರವನ್ನು ಬಲ್ಲವರೇ ಬಲ್ಲರು. ಈಗಿನ ಮಕ್ಕಳು ಉತ್ತರವನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ಹುಡುಕಲಿ, ತಪ್ಪೇನೂ ಇಲ್ಲ. ತಿಳಿಯದ್ದನ್ನು ಬಲ್ಲವರಲ್ಲಿ ಕೇಳಬೇಕೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ‘ಅಲ್ ಹುಜುರಾತ್’ ಅಧ್ಯಾಯದಲ್ಲಿ ಎಚ್ಚರಿಸುವುದೂ ಅದೇ ಗ್ರಂಥ.

ಉಚಿತ ಸಲಹೆಯೆಂದು ಫೋನ್ ಮಾಡುವವರಲ್ಲಿ ಕೆಲವರು ಸೀಟು ಮಾರುವ ದಲ್ಲಾಳಿಗಳು. ತಾಯಿಯ ಬಳೆ ಅಡವಿಟ್ಟು ಮುಂಗಡ ಕಟ್ಟುವ ಮೊದಲು ಅರ್ಧ ಗಂಟೆ ಕುಳಿತು ವಿಚಾರಿಸಿರಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ತನ್ನ ತಾಣದಲ್ಲಿ ಪ್ರಕಟಿಸುತ್ತದೆ. ಸಿ.ಇ.ಟಿ. ಸೀಟುಗಳ ವಿವರವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣದಲ್ಲೇ ನೋಡಿರಿ. ಹಣದ ಅಡಚಣೆಯಿದ್ದರೆ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲದ ಬಗ್ಗೆ ವಿಚಾರಿಸಿರಿ. ಉದ್ಯೋಗ ಹುಡುಕುವವರಿಗೆ 2015ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆಯ ತಾಣವಿದೆ; ಅಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ.

ಹಿರಿಯ ಮಗನಿಗೆ ಗಲ್ಫಿನ ಕೆಲಸದ ಸಂದೇಶ ಬಂದಿದೆಯೇ? ಹಾಗಿದ್ದರೆ ಇನ್ನೂ ಜಾಗ್ರತೆ ಬೇಕು. ಹೊರದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು ಸರಕಾರದಲ್ಲಿ ನೋಂದಾಯಿಸಿರಬೇಕು. ಅವರ ಪಟ್ಟಿ ‘ಇ-ಮೈಗ್ರೇಟ್’ ತಾಣದಲ್ಲಿದೆ. ಅದರಲ್ಲಿ ಹೆಸರಿಲ್ಲದವನು ಎಷ್ಟೇ ಬಾಯಿತುಂಬ ಸಲಾಮ್ ಹೇಳಿದರೂ ಪಾಸ್‌ಪೋರ್ಟ್ ಕೊಡಬೇಡಿರಿ.

ಇನ್ನೊಂದು ಮಾತು. ಎಲ್ಲರನ್ನೂ ಕೇಳುವ ನಾವು ಮಗಳನ್ನೇ ಕೇಳಲು ಮರೆಯುತ್ತೇವೆ. ಅವಳಿಗೆ ಯಾವ ವಿಷಯ ಇಷ್ಟ, ಯಾವುದು ಕಷ್ಟ ಎಂದು ಇಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿರಿ. ಅವಳಿಗೆ ಕಲಿಸಿದ ಉಪನ್ಯಾಸಕರನ್ನೂ ಒಮ್ಮೆ ಕಂಡು ಬನ್ನಿರಿ.