ಉಗುರೇ ಕೊಡಲಿಯಾದೀತು

ಮಗೂ, ಹಬ್ಬಕ್ಕೆ ಊರಿಗೆ ಬಂದಾಗ ನೀನು ಕನ್ನಡಿ ಮುಂದೆ ನಿಂತು, ಮೂಗಿನ ಪಕ್ಕದ ಕೀವುಗುಳ್ಳೆಯನ್ನು ಎರಡು ಹೆಬ್ಬೆರಳ ಉಗುರಿನ ನಡುವೆ ಹಿಡಿದು ಹಿಚುಕುತ್ತಿದ್ದೆ. ನಾನು ಗದರಿದೆ, ನೀನು ಮುನಿಸಿಕೊಂಡೆ. ಯಾಕೆ ಗದರಿದೆ ಅಂತ ಈಗ ಸಮಾಧಾನವಾಗಿ ಕೇಳು.

ಇಂಥ ಗುಳ್ಳೆ, ಕುರುಗಳಿಗೆ ಹೆಚ್ಚಾಗಿ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ತೆಪ್ಪಗೆ ಕೂತಿರುತ್ತದೆ. ಚರ್ಮ ತರಚಿದರೆ, ರೇಜರ್ ಗೀರಿದರೆ ಸಾಕು, ಒಳಗೆ ನುಗ್ಗುತ್ತದೆ. ಹಿಚುಕಿದರೆ ಕೀವು ಹೊರಗಷ್ಟೇ ಅಲ್ಲ, ಒಳಕ್ಕೂ ಇಳಿಯುತ್ತದೆ. ಮೂಗು, ಮೇಲ್ತುಟಿಯ ಸುತ್ತಿನ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಜೊತೆ ನಂಟಿದೆ. ಅಪರೂಪಕ್ಕೆ ಸೋಂಕು ಅಲ್ಲಿಗೇರಿದರೆ ಜೀವಕ್ಕೇ ಕುತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತೇವೆ. ಕುರುವಿನ ಮಟ್ಟಿಗೆ ಉಗುರೇ ಕೊಡಲಿ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ದಿನಕ್ಕೆ 3–4 ಸಲ, ಹತ್ತು ನಿಮಿಷ ಹದವಾಗಿ ಕಾವು ಕೊಡು. ತಾನಾಗಿ ಒಡೆದರೆ ಸೋಪು ಹಾಕಿ ತೊಳೆದು, ಮೇಲೆ ಶುಭ್ರ ಪಟ್ಟಿ ಕಟ್ಟು. ಹಾಸ್ಟೆಲಿನಲ್ಲಿ ಎಷ್ಟೇ ಸ್ನೇಹವಿರಲಿ, ಟವೆಲ್, ರೇಜರ್ ಮಾತ್ರ ನಿನ್ನದು ನಿನಗೆ. ಟವೆಲನ್ನು ಒದ್ದೆಯಾಗಿ ಮಂಚಕ್ಕೆ ನೇತುಹಾಕದೆ ಬಿಸಿಲಿಗೆ ಹರಡು.

ರೂಮಿನವನು ಕೊಟ್ಟ ಮುಲಾಮು ಸವರಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ವಾಸಿಯಾಯಿತು ಅಂದುಕೊಳ್ಳುತ್ತೀಯ. ಸೋಂಕು ಮಾತ್ರ ಒಳಗೊಳಗೇ ಹಬ್ಬುತ್ತಿರುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ.

ಜ್ವರ ಬಂದರೆ, ಕೆಂಪು ಹರಡುತ್ತಾ ಹೋದರೆ, ಮುಖದ ಮೇಲಿನ ಕುರು ಊದಿದರೆ ಅಂದೇ ವೈದ್ಯರಲ್ಲಿಗೆ ಹೋಗು. ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ನುಂಗು. ನೋವು ಹೋಯಿತೆಂದು ನಡುವೆ ಬಿಡಬೇಡ. ಮನೆಯಲ್ಲಿ ಪುಟ್ಟ ತಂಗಿಯಿದ್ದಾಳೆ. ಅವಳ ಬಾಯಿಯ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಂಡರೆ ಅದೂ ಇದೇ ಜಾತಿಯ ಅಂಟುಸೋಂಕು ಇರಬಹುದು. ಕೆಲವು ಮಕ್ಕಳಿಗೆ ಅದು ಮಾಗಿದ ಒಂದೆರಡು ವಾರಕ್ಕೆ ಮುಖ ಊದಿ, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಗುರುತು ಅದು.

ನಿನ್ನ ವಯಸ್ಸಿನಲ್ಲಿ ಮುಖದ ಮೇಲೊಂದು ಗುಳ್ಳೆ ಎದ್ದರೂ ನಾಚಿಕೆ, ನನಗೆ ಗೊತ್ತು. ಆದರೆ ಕೊಳಕಿಗೆ ಮಾತ್ರ ಬರುವ ರೋಗವಲ್ಲ ಇದು, ನಿನ್ನ ತಪ್ಪೂ ಅಲ್ಲ. ಮುಚ್ಚಿಡಬೇಡ. ಮುಂದಿನ ಸಲ ಕೈ ಕನ್ನಡಿಯತ್ತ ಹೋಗುವ ಮೊದಲು ನನಗೊಂದು ಫೋನ್ ಮಾಡು.